ಬಾವಿ ದಾಟಿದ ಬೆರಳು

"ಮೂಲ ಆಟದಲ್ಲಿ ನಾಲ್ಕನೇ ಹಂತವನ್ನು ದಾಟಲು ಯಾರಿಗೂ ಸಾಧ್ಯವಿರಲಿಲ್ಲ. ಅದು ಅಂದಿನ ಪ್ರೋಗ್ರಾಮಿನ ತಪ್ಪು. ಈ ಆವೃತ್ತಿಯಲ್ಲಿ ನಾವು ಅದನ್ನು ಸರಿಪಡಿಸಿದ್ದೇವೆ."

ಕಿರುಪುಸ್ತಕದ ಕರಡಿನಲ್ಲಿ ಮೂರೇ ವಾಕ್ಯ. ಬುಧವಾರ ಬೆಳಿಗ್ಗೆ ಚಿಕ್ಕೋಡಿಯ ನನ್ನ ಕೋಣೆಯಲ್ಲಿ ಕೂತು ಓದಿದೆ. ಚಹಾ ಆರಿಹೋಗುವತನಕ ಮತ್ತೆ ಮತ್ತೆ ಓದಿದೆ. ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪುತ್ತೇನೆ. ಆದರೆ ಅವತ್ತಿನ ಸಿಟ್ಟಿಗೆ ಕಾರಣವಿತ್ತು. ಆ ಹಂತವನ್ನು ದಾಟಿದವಳನ್ನು ನಾನು ಕಣ್ಣಾರೆ ಕಂಡಿದ್ದೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಮಹಾರಾಷ್ಟ್ರದ ಒಂದು ಶಹರದ ಕಂಪನಿ ಹಳೆಯ ಆರು ವಿಡಿಯೋ ಗೇಮುಗಳನ್ನು ಒಟ್ಟುಗೂಡಿಸಿ ಹೊಸದಾಗಿ ಹೊರತರುತ್ತಿತ್ತು. ಒಬ್ಬ ಪುಟ್ಟ ಮನುಷ್ಯ ಹಲಗೆಯಿಂದ ಹಲಗೆಗೆ ಜಿಗಿಯುತ್ತ, ಹೊಂಡ ದಾಟುತ್ತ ಎಡದಿಂದ ಬಲಕ್ಕೆ ಹೋಗುತ್ತಾನಲ್ಲ, ಆ ಜಾತಿಯ ಆಟಗಳು. ಒಂದು ಕಾಲಕ್ಕೆ ಟೀವಿಗೆ ತಂತಿ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದಂಥವು. ಅವುಗಳ ಚಿತ್ರ ಸ್ವಚ್ಛ ಮಾಡಿ, ಸದ್ದು ತಿದ್ದಿ, ಇಂದಿನ ಪರದೆಗೆ ಹೊಂದಿಸಿ, ಜೊತೆಗೊಂದು ಕಿರುಪುಸ್ತಕ ಇಟ್ಟು ಒಂದೇ ಪೆಟ್ಟಿಗೆಯಾಗಿ ಕೊಡುವ ಯೋಜನೆ. ನಾನು ಪರೀಕ್ಷಕಿ. ಪ್ರತಿ ಹಂತವನ್ನೂ ಹಳೆಯ ಯಂತ್ರದಲ್ಲಿ ಒಮ್ಮೆ, ಹೊಸ ಆವೃತ್ತಿಯಲ್ಲಿ ಒಮ್ಮೆ ಆಡಿ, ಎಲ್ಲಿ ವ್ಯತ್ಯಾಸವಿದೆ ಎಂದು ಬರೆಯಬೇಕು. ಕೊನೆಗೆ ಒಂದೊಂದು ಆಟದ ಫಾರ್ಮಿನ ಮೇಲೂ "ಮೂಲದಂತೆಯೇ ಇದೆ" ಎಂದು ಸಹಿ ಹಾಕಬೇಕು. ಸಹಿ ಇಲ್ಲದೆ ಆಟ ಹೊರಗೆ ಹೋಗುವುದಿಲ್ಲ. ಇದಕ್ಕೆಂದೇ ಅವರು ಹಳೆಯ ಯಂತ್ರವೊಂದನ್ನೂ ಆರು ಕ್ಯಾಸೆಟ್ಟುಗಳನ್ನೂ ನನಗೆ ಕಳಿಸಿಕೊಟ್ಟಿದ್ದರು.

ಜಗಳ ಬಂದದ್ದು ಐದನೇ ಆಟಕ್ಕೆ. ಗಣಿಯೊಳಗೆ ಕಂದೀಲು ಹಿಡಿದು ಹೋಗುವ ಒಬ್ಬ ಮನುಷ್ಯನ ಆಟ ಅದು. ನಾವು ಸಣ್ಣವರಿದ್ದಾಗ ಅವನಿಗೆ ಕಂದೀಲಪ್ಪ ಎನ್ನುತ್ತಿದ್ದೆವು. ನಾಲ್ಕನೇ ಹಂತದಲ್ಲಿ ಒಂದು ಆಳವಾದ ಹೊಂಡ. ನಮ್ಮ ಓಣಿಯಲ್ಲಿ ಅದಕ್ಕೆ ಬಾವಿ ಎಂದೇ ಹೆಸರು. ಬಾವಿಯ ಮೇಲೆ ಮೂರು ಹಲಗೆ ತೂಗುತ್ತವೆ. ಹಲಗೆಯ ಮೇಲೆ ನಿಂತರೆ ಅದು ಕುಸಿಯುತ್ತದೆ, ಆದ್ದರಿಂದ ನಿಲ್ಲುವಂತಿಲ್ಲ, ಕೂಡಲೇ ಮುಂದಿನದಕ್ಕೆ ಜಿಗಿಯಬೇಕು. ಆದರೆ ತಲೆಯ ಮೇಲೆ ಗೇಣಿನಷ್ಟೇ ಎತ್ತರದಲ್ಲಿ ಚೂಪು ಮೊಳೆಗಳ ಸಾಲು. ಬಟನ್ ಹೆಚ್ಚು ಹೊತ್ತು ಒತ್ತಿದರೆ ಕಂದೀಲಪ್ಪ ಎತ್ತರ ಹಾರುತ್ತಾನೆ, ಕಡಿಮೆ ಹೊತ್ತು ಒತ್ತಿದರೆ ತಗ್ಗಿನಲ್ಲಿ ಹಾರುತ್ತಾನೆ. ಬಾವಿಯ ಮೇಲೆ ನಾವು ಎಷ್ಟು ಕಡಿಮೆ ಒತ್ತಿದರೂ ತಲೆ ಮೊಳೆಗೆ ಬಡಿಯುತ್ತದೆ. ಕಂಪನಿಯವರು ಮಾಡಿದ ತಿದ್ದುಪಡಿ ಎಂದರೆ, ಮೊಳೆಗಳನ್ನು ಮೇಲಕ್ಕೆ ಸರಿಸಿದ್ದರು. ಈಗ ಯಾರು ಬೇಕಾದರೂ ಮಲಗಿಕೊಂಡೇ ದಾಟಬಹುದಿತ್ತು.

ಅದನ್ನು ಮೂಲದಲ್ಲಿ ದಾಟಿದವಳು ನನ್ನ ಮಾವಶಿ, ಅಂದರೆ ಅವ್ವನ ತಂಗಿ. ನಿಪ್ಪಾಣಿಯ ಅಜ್ಜಿಯ ಮನೆಯಲ್ಲಿ ಹೆಂಗಸರೆಲ್ಲ ಬೀಡಿ ಕಟ್ಟುತ್ತಿದ್ದರು. ಮಾವಶಿಯ ಅಣ್ಣ, ಅಂದರೆ ನನ್ನ ಮಾಮಾ, ಕೊಲ್ಹಾಪುರದಿಂದ ಗೇಮಿನ ಯಂತ್ರ ತಂದಿದ್ದ. ಸಂಜೆಯಾದರೆ ಅವನೂ ಅವನ ಗೆಳೆಯರೂ ಟೀವಿಯ ಮುಂದೆ ಗದ್ದಲ ಹಾಕುತ್ತಿದ್ದರು. ಅವತ್ತು ಮಧ್ಯಾಹ್ನ ಅವರಾರೂ ಇರಲಿಲ್ಲ. ನನಗೆ ಒಂಬತ್ತು ವರ್ಷ, ಗದ್ದಬಾವು ಬಂದು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮಲಗಿದ್ದೆ. ಹದಿನೆಂಟರ ಮಾವಶಿ ಬೀಡಿಯ ಕೆಲಸ ಅರ್ಧಕ್ಕೆ ಬಿಟ್ಟು ಟೀವಿ ಹಚ್ಚಿದಳು. ಒಂದು, ಎರಡು, ಮೂರು ಹಲಗೆ. ಕಂದೀಲಪ್ಪ ಆಚೆ ದಂಡೆಯಲ್ಲಿ ನಿಂತಿದ್ದ. ನನ್ನ ಕಣ್ಣು ಪರದೆಯ ಮೇಲಿತ್ತು, ಅವಳ ಕೈ ನೋಡಲಿಲ್ಲ. ಅಷ್ಟರಲ್ಲಿ ಬೀಡಿಯ ಕಟ್ಟು ಎಣಿಸುವ ಮನುಷ್ಯ ಬಾಗಿಲಲ್ಲಿ ಕೂಗಿದ, ಅವಳು ಟೀವಿ ಆರಿಸಿ ಎದ್ದಳು.

ಸಂಜೆ ಹೇಳಿದರೆ ಯಾರೂ ನಂಬಲಿಲ್ಲ. "ಕನಸಿನ್ಯಾಗ ದಾಟಿರಬೇಕ ನೀ" ಎಂದ ಮಾಮಾ. ನಾನು ನೋಡಿದೆ ಎಂದರೆ ಅವನ ಗೆಳೆಯನೊಬ್ಬ, "ಇಕಿಗಿ ಗದ್ದ ಅಷ್ಟ ಅಲ್ಲ, ಕಣ್ಣೂ ಬಾತಾವು" ಎಂದ. ಎಲ್ಲರ ಮುಂದೆ ಮಾಡಿ ತೋರಿಸು ಎಂದು ಅವಳನ್ನು ಕೂಡಿಸಿದರು. ಅವಳಿಂದ ಆಗಲಿಲ್ಲ. ಸುಳ್ಳಿ ಎಂದು ಓಣಿಯೆಲ್ಲ ಹೆಸರಾಯಿತು. ಆಮೇಲೆ ಅವಳು ಆ ಯಂತ್ರವನ್ನು ಮುಟ್ಟಲಿಲ್ಲ. ಈಗ ಅದೇ ಮಾತನ್ನು ಕಂಪನಿಯವರು ಅಚ್ಚು ಹಾಕಿಸಿ ಊರೂರಿಗೆ ಹಂಚಲು ಹೊರಟಿದ್ದರು.

ಫೋನ್ ಮಾಡಿದೆ. ಎತ್ತಿದವರು ಯೋಜನೆಯ ಸಂಯೋಜಕಿ, ನಮ್ಮ ಕೆಲಸಗಳನ್ನೆಲ್ಲ ಹೊಂದಿಸುವಾಕೆ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ದಾಟಿದವರಿದ್ದಾರೆ, ನನಗೆ ಗೊತ್ತು" ಎಂದೆ.

"ಸಾಕ್ಷಿ?"

"ನಾನೇ."

ಆಕೆ ನಗಲಿಲ್ಲ, ಅದು ಅವರ ದೊಡ್ಡತನ. ಸೋಮವಾರ ಕಿರುಪುಸ್ತಕ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಏನಾದರೂ ತೋರಿಸಿದರೆ ಮುಖ್ಯ ಪ್ರೋಗ್ರಾಮರನ ಮುಂದೆ ಇಡುತ್ತೇನೆ ಎಂದರು.

ಗುರುವಾರವಿಡೀ ಬಾವಿಯ ಮುಂದೆ ಕೂತೆ. ಹಳೆಯ ಯಂತ್ರದಲ್ಲೂ ಆಡಿದೆ, ಮೊಳೆ ಸರಿಸುವುದಕ್ಕೆ ಮುಂಚಿನ ಹೊಸ ಆವೃತ್ತಿಯಲ್ಲೂ ಆಡಿದೆ. ಒಂದು ವಹಿಯಲ್ಲಿ ಗೆರೆ ಎಳೆದುಕೊಂಡು ಪ್ರತಿ ಸಾವಿನ ಕಾರಣ ಬರೆದೆ. ತಲೆ ಬಡಿಯಿತು, ತಲೆ ಬಡಿಯಿತು, ಹಲಗೆ ಕುಸಿಯಿತು, ತಲೆ ಬಡಿಯಿತು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳಿನ ತುದಿ ಜೋಮು ಹಿಡಿಯಿತು. ಆಗ ನನಗೊಂದು ಅನುಮಾನ ಬಂತು. ನಿಪ್ಪಾಣಿಯಲ್ಲಿ ಕಂದೀಲಪ್ಪ ಇಷ್ಟು ಜೋರಾಗಿ ಓಡುತ್ತಿರಲಿಲ್ಲ. ಇವರು ಆಟದ ವೇಗ ಹೆಚ್ಚಿಸಿದ್ದಾರೆ, ಹಳೆಯ ಯಂತ್ರವನ್ನೂ ತಿದ್ದಿಯೇ ಕಳಿಸಿದ್ದಾರೆ. ಸಿಕ್ಕಿತು ಕಳ್ಳತನ ಎಂದುಕೊಂಡು, ಉದ್ದದ ಪತ್ರ ಬರೆದು ಕಳಿಸಿಯೇಬಿಟ್ಟೆ.

ಉತ್ತರ ನೇರ ಮುಖ್ಯ ಪ್ರೋಗ್ರಾಮರನಿಂದ ಬಂತು. ಟೀವಿಯ ಪರದೆಯ ಮೇಲೆ ಚಿತ್ರ ಸೆಕೆಂಡಿಗೆ ಹಲವು ಸಲ ಬದಲಾಗುತ್ತದೆ, ಒಂದೊಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಆಟ ಹುಟ್ಟಿದ ದೇಶದಲ್ಲಿ ಸೆಕೆಂಡಿಗೆ ಅರವತ್ತು ಫ್ರೇಮ್. ನಮ್ಮ ದೇಶದ ಅಂದಿನ ಟೀವಿಗಳಲ್ಲಿ ಐವತ್ತು. ಹಾಗಾಗಿ ನಾವು ಆಡಿದ್ದೇ ನಿಧಾನದ ಆಟ, ಕಂಪನಿಯದೇ ಸರಿಯಾದ ವೇಗ. ಅವರು ಕಳಿಸಿಕೊಟ್ಟ ಹಳೆಯ ಯಂತ್ರವೂ ಅರವತ್ತರದೇ. ಇದನ್ನೆಲ್ಲ ಬರೆದು ಕೊನೆಗೆ, ನಮ್ಮಲ್ಲೊಂದು ಗಾದೆ ಇದೆ, ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ, ಎಂದು ಸೇರಿಸಿದ್ದ.

ಆ ಗಾದೆ ನಮ್ಮಲ್ಲೂ ಇದೆ. ನನಗೆ ಅವತ್ತು ಊಟ ಸೇರಲಿಲ್ಲ. ಅವನು ಹೇಳಿದ್ದು ಸತ್ಯ ಎಂಬುದೇ ಹೆಚ್ಚು ಉರಿಸಿತು. ನಲವತ್ತರ ಹೆಂಗಸು, ವೇಗದ ವಿಷಯದಲ್ಲಿ ನನ್ನ ಊಹೆ ತಪ್ಪಿದ್ದರೆ ದಾಟಿದ ವಿಷಯದಲ್ಲಿ ನೆನಪೂ ತಪ್ಪಿರಬಾರದೇಕೆ ಎಂದು ನನಗೇ ಅಳುಕು ಹುಟ್ಟಿತು.

ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಮೊಳೆ ಸರಿಸದ ಆವೃತ್ತಿ ಹಾಕಿಕೊಂಡು ಸದಲಗಾಕ್ಕೆ ಹೊರಟೆ. ಮಾವಶಿಯನ್ನು ಕೊಟ್ಟದ್ದು ಅಲ್ಲಿಗೆ. ಎರಡು ಎಮ್ಮೆ, ಡೇರಿಗೆ ಹಾಲು, ಅವಳ ದಿನವೆಲ್ಲ ಅದರಲ್ಲೇ ಹೋಗುತ್ತದೆ. ಬೀಡಿ ಕಟ್ಟುವುದನ್ನು ಎಂದೋ ಬಿಟ್ಟಿದ್ದಾಳೆ. ನಾನು ಹೋದಾಗ ಹಾಲಿನ ಕ್ಯಾನು ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಕಿರುಪುಸ್ತಕದ ಸಾಲನ್ನು ಓದಿ ಹೇಳಿದೆ.

"ಬಿಡವಾ" ಎಂದಳು. "ಅದನ್ನೇನ ಈಗ ಕೆದರತಿ."

"ನೀ ದಾಟಿದ್ದ ಖರೇ ಹೌದಲ್ಲ?"

"ನೀ ನೋಡಿಲ್ಲೇನ? ಮತ್ತ ನನಗ್ಯಾಕ ಕೇಳ್ತಿ?"

"ಹಂಗಾರ ಒಮ್ಮೆ ಮಾಡಿ ತೋರಸ. ಹಿಂಗ ಎರಡೂ ಕೈಲೆ ಹಿಡಕೋ" ಎಂದು ಕಂಟ್ರೋಲರನ್ನು ಅವಳ ಕೈಗಿತ್ತು, ಹೆಬ್ಬೆರಳು ಎಲ್ಲಿಡಬೇಕೆಂದು ತೋರಿಸಿಕೊಟ್ಟೆ.

ಆಡಿದಳು. ತಲೆ ಬಡಿಯಿತು. ಇನ್ನೊಮ್ಮೆ, ಮತ್ತೆ ತಲೆ ಬಡಿಯಿತು. ಅವಳು ಕಂಟ್ರೋಲರನ್ನು ಕಟ್ಟೆಯ ಮೇಲಿಟ್ಟು ನನ್ನ ಮುಖ ನೋಡಿದಳು.

"ಹಿಂಗ ಹಿಡದ್ರ ನನಗ ಬರೂದಿಲ್ಲ. ಅವತ್ತೂ ಇದ ಆತು. ನಿಮ್ಮ ಮಾಮಾ ಅಂದಾ, ನೀಟ ಹಿಡಿ, ನಾವ ಹಿಡದಂಗ ಹಿಡಿ ಅಂತ. ಹಿಡದ್ನಿ. ಎಲ್ಲಾರೂ ನಕ್ರು. ಈಗ ನೀನೂ ಅದನ್ನ ಅಂದಿ."

ನೆಲ ಬಾಯಿ ತೆರೆಯಲಿ ಅನಿಸಿತು. ಅವಳ ಪರವಾಗಿ ಜಗಳಕ್ಕೆ ನಿಂತವಳು ನಾನು, ಬಂದು ಮಾಡಿದ್ದು ಮಾಮಾನ ಕೆಲಸವನ್ನೇ. ತಪ್ಪಾಯಿತು ಎಂದೆ. "ನೀ ಹೆಂಗ ಹಿಡದಿದ್ದೀ ಅದನ್ನ ಮಾಡ" ಎಂದೆ.

ಒಳಗೆ ಹೋಗಿ ಜೋಳ ಕೇರುವ ಮೊರ ತಂದಳು. ಗೋಡೆಗೆ ಬೆನ್ನು ಕೊಟ್ಟು ಕೂತು ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. ಮೊರದಲ್ಲಿ ಕಂಟ್ರೋಲರನ್ನು ಅಂಗಾತ ಇಟ್ಟಳು. ಎಡಗೈ ದಿಕ್ಕಿನ ಬಟನ್ನಿನ ಮೇಲೆ, ಬಲಗೈಯ ಮಣಿಕಟ್ಟು ಮೇಲೆತ್ತಿ ತೋರುಬೆರಳೊಂದೇ ಜಿಗಿತದ ಬಟನ್ನಿನ ಮೇಲೆ. ಬೀಡಿ ಕಟ್ಟುವವರನ್ನು ನೋಡಿದವರಿಗೆ ಆ ಬೆರಳು ಗೊತ್ತು. ಎಲೆ ಸುತ್ತಿದ ಮೇಲೆ ಬೀಡಿಯ ಬಾಯಿಯನ್ನು ಉಗುರಿನಿಂದ ಮಡಚಬೇಕು, ನಾಲ್ಕೂ ಕಡೆ, ಕಣ್ಣು ಪಿಳುಕಿಸುವಷ್ಟರಲ್ಲಿ.

"ಮುಟ್ಟಿದಾಕ್ಷಣ ಬಿಡಬೇಕ" ಎಂದಳು. "ಹೆಚ್ಚಿಗಿ ಒತ್ತಿದ್ರ ಎಲಿ ಹರೀತೈತಿ."

ಆಡಿದಳು. ಕಂದೀಲಪ್ಪ ಮೊದಲ ಹಲಗೆಯ ಮೇಲೆ ಹೋಗಿ ನಿಂತ. ಅವಳ ಬೆರಳು ಬಡಿಯಿತು, ಟಿಕ್ ಎಂದದ್ದು ನನಗೂ ಕೇಳಿತು. ಅವನು ಜಿಗಿಯಲೇ ಇಲ್ಲ. ಹಲಗೆಯೊಂದಿಗೆ ಕೆಳಗೆ ಹೋದ. ಮತ್ತೆ ಟಿಕ್, ಮತ್ತೆ ಕೆಳಗೆ. ಐದಾರು ಸಲ ಹೀಗೇ ಆಯಿತು.

"ನಾ ಒತ್ತಾಕತ್ತೀನಿ. ಅಂವಾ ಕೇಳವಲ್ಲ." ಮೊರ ಕೆಳಗಿಟ್ಟಳು. "ಹೋಗ್ಲಿ ಬಿಡ. ಅವರ ಬರದದ್ದ ಖರೇ ಇರಬೇಕ."

ಅವಳ ದನಿಯಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ತಾನು ದಾಟಿದ್ದೇ ಸುಳ್ಳೇನೋ ಎಂದು ಅವಳಿಗೇ ಅನಿಸತೊಡಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಲು ವಹಿ ತೆಗೆದು ಸಾವಿನ ಕಾರಣ ಬರೆಯತೊಡಗಿದೆ. ಬರೆಯುವಾಗಲೇ ಹೊಳೆದದ್ದು. ನನ್ನ ಸಾವುಗಳೆಲ್ಲ ತಲೆ ಬಡಿದು ಆದವು. ಮೊರದಲ್ಲಿಟ್ಟು ಆಡಿದಾಗ ಒಮ್ಮೆಯೂ ತಲೆ ಬಡಿದಿರಲಿಲ್ಲ. ಅವನು ಜಿಗಿದೇ ಇರಲಿಲ್ಲ. ಇವೆರಡು ಬೇರೆ ಬೇರೆ ರೋಗ.

ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಇದೆ, ಬಟನ್ ಒತ್ತಿದರೆ ಪರದೆಯ ಮೂಲೆಯಲ್ಲಿ ಒಂದು ಚೌಕ ಹೊತ್ತಿಕೊಳ್ಳುತ್ತದೆ. ಅದನ್ನು ಆಟದ ಮೇಲೆಯೇ ತೆರೆದಿಟ್ಟೆ. ಫೋನಿನಲ್ಲಿ ನಿಧಾನಗತಿಯ ವಿಡಿಯೋ ಹಚ್ಚಿ, ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಹಾಲಿನ ಕ್ಯಾನಿನ ಮೇಲೆ ಒರಗಿಸಿದೆ. "ಇನ್ನೊಂದ ಸಲ ಮಾವಶಿ, ಕೈ ಮುಗೀತೀನಿ" ಎಂದೆ. ಮಾಡಿದಳು. ವಿಡಿಯೋವನ್ನು ಒಂದೊಂದೇ ಚಿತ್ರ ಸರಿಸುತ್ತ ನೋಡಿದೆ. ಬೆರಳು ಇಳಿಯುತ್ತದೆ, ಚೌಕ ಹೊತ್ತಿಕೊಳ್ಳುತ್ತದೆ, ಬೆರಳು ಏಳುತ್ತದೆ, ಚೌಕ ಆರುತ್ತದೆ. ಆಟದ ಲೆಕ್ಕದಲ್ಲಿ ಒಟ್ಟು ಎರಡು ಫ್ರೇಮ್. ಅಂದರೆ ಅವಳು ಒತ್ತಿದ್ದು ಲ್ಯಾಪ್‌ಟಾಪಿಗೆ ತಲುಪುತ್ತಿತ್ತು, ಕಂದೀಲಪ್ಪನಿಗೆ ತಲುಪುತ್ತಿರಲಿಲ್ಲ. ನಡುವೆ ಯಾರೋ ಅದನ್ನು ತಡೆಯುತ್ತಿದ್ದರು.

ಅಲ್ಲೇ ಕಟ್ಟೆಯ ಮೇಲೆ ಕೂತು ಮುಖ್ಯ ಪ್ರೋಗ್ರಾಮರನಿಗೆ ಫೋನ್ ಮಾಡಿದೆ.

"ಕಡಿಮೆ ಹೊತ್ತಿನ ಒತ್ತನ್ನು ನೀವು ಎಲ್ಲಾದರೂ ಕೈಬಿಡುತ್ತೀರಾ?"

"ಹೌದು. ಸೋಸುವ ಒಂದು ಜರಡಿ ಹಾಕಿದ್ದೇವೆ, ಆರೂ ಆಟಗಳಿಗೆ. ಹಳೆಯ ಕಂಟ್ರೋಲರುಗಳ ರಬ್ಬರ್ ಸವೆದಿರುತ್ತದೆ, ಒಮ್ಮೆ ಒತ್ತಿದರೆ ಕಂಪಿಸಿ ಎರಡು ಸಲ ಒತ್ತಿದಂತಾಗುತ್ತದೆ. ಮೂರು ಫ್ರೇಮಿಗಿಂತ ಕಡಿಮೆ ಬಂದದ್ದನ್ನು ಕಸ ಎಂದು ತಿಳಿದು ಬಿಟ್ಟುಬಿಡುತ್ತದೆ."

"ಅದು ಕಸವಲ್ಲ. ನಮ್ಮ ಮಾವಶಿಯ ಬೆರಳು."

"ಮನುಷ್ಯರ ಬೆರಳು ಅಷ್ಟು ಕಡಿಮೆ ಹೊತ್ತು ಒತ್ತುವುದಿಲ್ಲ, ಮೇಡಂ."

"ಜರಡಿ ತೆಗೆದು ಒಂದು ಆವೃತ್ತಿ ಕಳಿಸಿ, ತೋರಿಸುತ್ತೇನೆ."

ಆಗುವುದಿಲ್ಲ ಎಂದ. ಪ್ರೋಗ್ರಾಮ್ ಬೀಗ ಹಾಕಿ ಆಗಿದೆ, ಈಗ ಮುಟ್ಟಿದರೆ ಆರೂ ಆಟಗಳನ್ನು ಮೊದಲಿಂದ ಪರೀಕ್ಷಿಸಬೇಕು, ಒಬ್ಬರ ಹಳೆಯ ನೆನಪಿಗಾಗಿ ಅಷ್ಟೆಲ್ಲ ಮಾಡಲಾಗದು ಎಂದ. ಅರ್ಧ ಗಂಟೆಗೆ ಸಂಯೋಜಕಿಯ ಫೋನ್ ಬಂತು. ಅವರ ದನಿ ಮೆತ್ತಗಿತ್ತು. "ಸಹಿ ಹಾಕಿಬಿಡಿ. ಮೊಳೆ ಸರಿಸಿದ್ದರಿಂದ ಎಲ್ಲರಿಗೂ ಸಲೀಸಾಗಿದೆ, ಯಾರಿಗೂ ನಷ್ಟವಿಲ್ಲ. ಮುಂದಿನ ಸಂಗ್ರಹಕ್ಕೂ ನಿಮ್ಮನ್ನೇ ತೆಗೆದುಕೊಳ್ಳಬೇಕೆಂದಿದ್ದೇವೆ."

ಮಾವಶಿ ಎಮ್ಮೆಗೆ ನೀರು ತೋರಿಸುತ್ತ ನಿಂತಿದ್ದಳು. ಅವಳಿಗೆ ನಮ್ಮ ಮಾತು ಕೇಳುತ್ತಿತ್ತು. ಕೇಳಿಸದವಳಂತೆ ಇದ್ದಳು. ಯಾರಿಗೂ ನಷ್ಟವಿಲ್ಲವಂತೆ. ನಾನು ಹೇಳಿದೆ: "ಫಾರ್ಮಿನ ಮೇಲೆ ಮೂಲದಂತೆಯೇ ಇದೆ ಎಂದು ಬರೆದಿದೆ. ಮೂಲದಂತೆ ಇಲ್ಲ. ನಾನು ಸಹಿ ಹಾಕುವುದಿಲ್ಲ. ಮುಂದಿನ ಸಂಗ್ರಹಕ್ಕೆ ಬೇರೆಯವರನ್ನು ನೋಡಿಕೊಳ್ಳಿ, ಬೇಜಾರಿಲ್ಲ. ಆದರೆ ಈ ಆಟ ನನ್ನ ಸಹಿಯಿಂದ ಹೊರಗೆ ಹೋಗುವುದಿಲ್ಲ."

ಫೋನ್ ಇಟ್ಟು ವಹಿ ಮುಚ್ಚಿದೆ.

ಹೊಸ ಆವೃತ್ತಿ ಕೊಡದಿದ್ದರೆ ಬೇಡ. ಹಳೆಯ ಯಂತ್ರ ನನ್ನ ಹತ್ತಿರವೇ ಇತ್ತಲ್ಲ. ಅದರಲ್ಲಿ ಯಾವ ಜರಡಿಯೂ ಇಲ್ಲ. ಹೊರುವುದು ಕಷ್ಟವೆಂದು ಬಿಟ್ಟು ಬಂದಿದ್ದೆ, ಅದೂ ನನ್ನದೇ ಸೋಮಾರಿತನ. ಶನಿವಾರ ಒಂದು ಟೆಂಪೋದಲ್ಲಿ ದಪ್ಪ ಬೆನ್ನಿನ ಹಳೆಯ ಟೀವಿ, ಯಂತ್ರ, ಕ್ಯಾಸೆಟ್ ಎಲ್ಲವನ್ನೂ ಗೋಣಿಚೀಲ ಹಾಸಿ ಇಟ್ಟು ಮತ್ತೆ ಸದಲಗಾ ಸೇರಿದೆ. ಕಾಕಾ, ಅಂದರೆ ಮಾವಶಿಯ ಗಂಡ, ಟೀವಿ ಇಳಿಸಲು ಕೈಗೂಡಿಸಿ, "ಇದನ್ನ ಮಾರಾಕ ತಂದೀಯೋ, ಒಗ್ಯಾಕ ತಂದೀಯೋ?" ಎಂದರು.

ಹಚ್ಚಿದೆವು. ಇಲ್ಲಿ ಇನ್ನೊಂದು ತೊಡಕು ಎದುರಾಯಿತು. ಮಾವಶಿ ಕಲಿತದ್ದು ಐವತ್ತರ ವೇಗದಲ್ಲಿ, ಇದು ಅರವತ್ತರದು. ಅವಳ ಎಣಿಕೆಗಿಂತ ಹಲಗೆ ಬೇಗ ಕುಸಿಯುತ್ತಿತ್ತು. ಮೇಲಾಗಿ ಸವೆದ ರಬ್ಬರಿನ ಈ ಹಳೆಯ ಕಂಟ್ರೋಲರಿಗೆ ನಿನ್ನೆಯ ಹಗುರ ಬಡಿತ ಸಾಲದೆ ಬೆರಳು ಗಟ್ಟಿಯಾಗಿ ಒತ್ತುತ್ತಿತ್ತು. ಇಷ್ಟು ವರ್ಷ ಹಾಲು ಹಿಂಡಿ ಕೈ ಒತ್ತುವುದನ್ನು ಕಲಿತಿತ್ತು, ಬಿಡುವುದನ್ನು ಮರೆತಿತ್ತು. ಕಂದೀಲಪ್ಪ ಈಗ ಜಿಗಿದ, ಜಿಗಿದು ತಲೆ ಬಡಿಸಿಕೊಂಡ. ಆದರೆ ಜಿಗಿದದ್ದನ್ನು ಕಂಡು ಅವಳ ಮುಖ ಬದಲಾಯಿತು.

"ತಡಿ" ಎಂದಳು. ಹಳೆಯ ಪೇಪರ್ ತಂದು ಕತ್ತರಿಯಿಂದ ಬೀಡಿ ಎಲೆಯ ಅಳತೆಗೆ ಕತ್ತರಿಸಿದಳು. ಎಮ್ಮೆಯ ಬೂಸಾ ಒಂದು ಹಿಡಿ ಮೊರಕ್ಕೆ ಸುರುವಿಕೊಂಡಳು. ಪೇಪರಿನಲ್ಲಿ ಬೂಸಾ ತುಂಬಿ, ಸುರುಳಿ ಸುತ್ತಿ, ಬಾಯಿ ಮಡಚಿ, ದಾರ ಬಿಗಿದು ಪಕ್ಕಕ್ಕಿಟ್ಟಳು. ಇನ್ನೊಂದು, ಮತ್ತೊಂದು. ಮೊದಲಿನ ಕೆಲವು ಸೊಟ್ಟಗೆ ಬಂದವು, ಆಮೇಲಿನವು ಅಚ್ಚಿನಲ್ಲಿ ಹೊಯ್ದ ಹಾಗೆ. ಕಾಕಾ ಒಂದನ್ನು ಎತ್ತಿ ಮೂಸಿ, "ಎಮ್ಮಿ ಬೀಡಿ ಸೇದಾಕ ಸುರು ಮಾಡ್ತೇನ?" ಎಂದರು. ಅವಳ ತುಟಿ ಬಿಗಿದಿತ್ತು, ಬೆರಳು ಮಾತ್ರ ಓಡುತ್ತಿತ್ತು. ಮೊರದಲ್ಲಿ ಕಟ್ಟಿನಷ್ಟು ತುಂಬಿದ ಮೇಲೆ ಬೂಸಾ ಝಾಡಿಸಿ, "ಈಗ ತಾ" ಎಂದಳು.

ನಾನು ಫೋನನ್ನು ಕ್ಯಾನಿನ ಮೇಲೆ ಒರಗಿಸಿ ವಿಡಿಯೋ ಹಚ್ಚಿದೆ. ಮೊದಲ ಸಲ ಎರಡನೇ ಹಲಗೆಯ ಮೇಲೆ ತಲೆ ಬಡಿಯಿತು. ಎರಡನೇ ಸಲ ಮೂರನೆಯದು ಕುಸಿಯಿತು. ಹೀಗೆ ಎಷ್ಟೋ ಸಲ. ಅವಳು ಒಂದು ಸಲವೂ ಬೈಯಲಿಲ್ಲ, ನಿಲ್ಲಲೂ ಇಲ್ಲ. ಆಮೇಲೆ ಟಿಕ್ ಎಂದಿತು, ಕಂದೀಲಪ್ಪ ನೆಲ ಬಿಟ್ಟನೋ ಇಲ್ಲವೋ ಎನ್ನುವಷ್ಟು ಎದ್ದು ಎರಡನೇ ಹಲಗೆಗೆ ಇಳಿದ. ಟಿಕ್. ಮೂರನೆಯದು. ಟಿಕ್. ಆಚೆ ದಂಡೆ.

ನಾನು ಅವಳನ್ನು ತಬ್ಬಿಕೊಂಡೆ. ಮೊರ ಉರುಳಿತು. "ಸುಮ್ನಿರ, ರಿಮೋಟ ಒಡದೀತು" ಎಂದಳು, ಆದರೆ ಅವಳೂ ನನ್ನನ್ನು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ, "ನಾ ಸುಳ್ಳ ಹೇಳಿದ್ದಿಲ್ಲ" ಎಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, ಗೊತ್ತಾಗಲಿಲ್ಲ.

ವಿಡಿಯೋ ಕಳಿಸಿದೆ. ಬೆರಳು ಎಷ್ಟು ಫ್ರೇಮ್ ಒತ್ತಿದೆ ಎಂದು ಪ್ರತಿ ಜಿಗಿತಕ್ಕೂ ಎಣಿಸಿ ಕೆಳಗೆ ಬರೆದೆ: ಎರಡು, ಎರಡು, ಎರಡು. ಶನಿವಾರವೆಲ್ಲ ಉತ್ತರವಿಲ್ಲ. ಭಾನುವಾರ ಬೆಳಿಗ್ಗೆ ನಾನು ಇನ್ನೂ ಸದಲಗಾದಲ್ಲೇ ಇದ್ದಾಗ ಮುಖ್ಯ ಪ್ರೋಗ್ರಾಮರ್ ಫೋನ್ ಮಾಡಿದ. ಜಟ್ಟಿ ಬಿದ್ದಿದ್ದ, ಮೀಸೆ ಮಾತ್ರ ಇನ್ನೂ ಮಣ್ಣಾಗಿರಲಿಲ್ಲ.

"ಒಂದು ಸಲ ಆದದ್ದು ಆಕಸ್ಮಿಕವಿರಬಹುದು. ಈಗ ವಿಡಿಯೋ ಕಾಲಿನಲ್ಲಿ ನನ್ನ ಕಣ್ಣ ಮುಂದೆ ಅವರು ಇನ್ನೊಮ್ಮೆ ಮಾಡಿ ತೋರಿಸಲಿ."

ನಾನು ಮಾವಶಿಗೆ ಹೇಳಿದೆ. ಒಪ್ಪುತ್ತಾಳೆ, ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನ್ ಇಸಿದುಕೊಂಡಳು.

"ತೋರಸೂದಿಲ್ಲ" ಎಂದಳು, ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ. "ಒಮ್ಮೆ ಎಲ್ಲಾರ ಮುಂದ ಕುಂತ ತೋರಸಾಕ ಹೋಗಿ ಸಾಕಾಗೇತಿ. ನೀವ ಮಾಡ್ರಿ. ನಾ ಹೇಳಿಕೊಡ್ತೀನಿ."

ಅವನು ಫೋನ್ ಇಟ್ಟರೆ ಎಲ್ಲ ಹಾಳು. ಆದರೂ ಅವಳ ಕೈಯಿಂದ ಫೋನ್ ಕಸಿಯಲಿಲ್ಲ.

"ನಿಮ್ಮ ಹಂತ್ಯಾಕ ಹಳೇ ಮಶೀನ ಐತೆಲ್ಲ?" ಎಂದು ಅವಳೇ ಮುಂದುವರಿಸಿದಳು. "ಮೊರ ಇಲ್ಲಂದ್ರ ಊಟದ ತಾಟ ತಗೋರಿ. ತೊಡಿ ಮ್ಯಾಲ ಇಟ್ಕೋರಿ. ರಿಮೋಟ ಅದರಾಗ ಅಂಗಾತ ಇಡ್ರಿ. ಹೆಬ್ಬಟ್ಟ ಬ್ಯಾಡ. ತೋರಬೆರಳ. ಮಣಿಕಟ್ಟ ಎತ್ರಿ. ಎತ್ತೀರೇನ?"

ಎತ್ತಿದ್ದೇನೆ ಎಂದ. ಅವನ ಆಫೀಸಿನಲ್ಲಿ ಸ್ಟೀಲಿನ ತಾಟು ಯಾವುದಕ್ಕೋ ತಗುಲಿ ಠಣ್ ಎಂದದ್ದು ನಮಗೆ ಕೇಳಿತು.

ಮೊದಲು ಪೇಪರ್ ಚೂರಿನ ಮೇಲೆ ಉಗುರು ಬಡಿಯುವುದನ್ನು ಮಾಡಿಸಿದಳು. ಒತ್ತಬ್ಯಾಡ್ರಿ, ಬಡೀರಿ. ಬಡದಲ್ಲೇ ಬಿಡ್ರಿ. ಬಿಸಿ ಹಂಚ ಮುಟ್ಟಿದಂಗ ಮುಟ್ರಿ. ಅವನ ಟೀವಿಯಿಂದ ಕಂದೀಲಪ್ಪ ಸಾಯುವ ಸದ್ದು ಮೇಲಿಂದ ಮೇಲೆ ಬರುತ್ತಿತ್ತು. ಆ ಸದ್ದು ಕೇಳಿಯೇ ಅವಳು ತಪ್ಪು ಹೇಳುತ್ತಿದ್ದಳು: ಇದು ತಲಿ ಬಡೀತು, ಹೆಚ್ಚಾತು. ಇದು ಕುಸೀತು, ತಡಾ ಆತು. ಡೇರಿಗೆ ಹಾಲು ಹಾಕುವ ಹೊತ್ತಾದಾಗ ಫೋನ್ ನನ್ನ ಕೈಗಿತ್ತು ಹೋದಳು, ಬಂದು ಮತ್ತೆ ಇಸಿದುಕೊಂಡಳು. ಅವನು ಅಲ್ಲಿಯತನಕ ಬಿಟ್ಟಿರಲಿಲ್ಲ. ಇದೊಂದನ್ನು ಅವನ ಬಗ್ಗೆ ಹೇಳಲೇಬೇಕು, ಹಟ ಅವನಿಗೂ ಇತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಆ ಕಡೆಯಿಂದ ಸಾವಿನ ಸದ್ದು ನಿಂತಿತು. ಎರಡು ಹಲಗೆ ದಾಟಿ ಮೂರನೆಯದರಲ್ಲಿ ಬಿದ್ದಿದ್ದ. ಮೊಳೆಗೆ ತಲೆ ತಾಗದೆ ಎರಡು ಜಿಗಿತ. ಹಾಗೆಂದು ಅವನೇ ಹೇಳಿದ. ಆಮೇಲೆ, "ಆಗುತ್ತದೆ" ಎಂದ. "ಕಾಕೂ, ಆಗುತ್ತದೆ." ಮರಾಠಿಯಲ್ಲಿ ಕಾಕೂ ಎಂದರೆ ಚಿಕ್ಕಮ್ಮ.

"ನನಗ ಗೊತ್ತೈತಿ" ಎಂದಳು ಮಾವಶಿ.

ಆ ಸಂಜೆಯೇ ಜರಡಿ ತೆಗೆದ ಆವೃತ್ತಿ ಬಂತು, ಐದನೇ ಆಟಕ್ಕೆ ಮಾತ್ರ. ಮೊಳೆಗಳು ತಮ್ಮ ಹಳೆಯ ಜಾಗಕ್ಕೆ ಇಳಿದಿದ್ದವು. ಸೋಮವಾರ ಚಿಕ್ಕೋಡಿಯಲ್ಲಿ ಕೂತು ಆ ಆಟದ ಎಲ್ಲ ಹಂತಗಳನ್ನೂ ಮೊದಲಿಂದ ಪರೀಕ್ಷಿಸಿದೆ. ಬಾವಿಯನ್ನು ಮಾತ್ರ ಹಿಂದಿನ ಸಂಜೆ ಸದಲಗಾದಲ್ಲೇ ಮಾವಶಿ ಲ್ಯಾಪ್‌ಟಾಪಿನಲ್ಲಿ ದಾಟಿಸಿಕೊಟ್ಟಿದ್ದಳು, ನನ್ನ ಬೆರಳಿಗೆ ಅದು ಇವತ್ತಿಗೂ ಬಂದಿಲ್ಲ. ಕಿರುಪುಸ್ತಕದ ಆ ಮೂರು ವಾಕ್ಯ ಹೋಯಿತು.

ಆ ಖಾಲಿ ಜಾಗಕ್ಕೆ ಏನು ಬರೆಯೋಣ ಎಂದು ಸಂಯೋಜಕಿ ಕೇಳಿದರು. "ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಒಬ್ಬ ಹುಡುಗಿ ಇದನ್ನು ದಾಟಿದ್ದಳು" ಎಂದು ಬರೆಯಿರಿ ಎಂದೆ. ಮಕ್ಕಳ ಕೈಗೆ ಹೋಗುವ ಪುಸ್ತಕ, ಬೀಡಿ ಎಂಬ ಮಾತು ಬರುವಂತಿಲ್ಲ ಎಂದರು. ಬೀಡಿ ಬಿಟ್ಟು "ಒಬ್ಬ ಗ್ರಾಮೀಣ ಮಹಿಳೆ" ಎಂದು ಹಾಕಬಹುದಂತೆ. ಮಾವಶಿಗೆ ಕೇಳಿದೆ.

"ಬೀಡಿ ಬಿಟ್ರ ನಾ ದಾಟಿದ್ದ ಹ್ಯಾಂಗ?" ಎಂದಳು. "ಏನೂ ಬರೀಬ್ಯಾಡ ಅನ್ನ."

ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಆದರೆ ಫಾರ್ಮಿನಲ್ಲಿ ಪರೀಕ್ಷಿಸಿದವರು ಎಂಬ ಸಾಲಿದೆ, ಅಲ್ಲಿ ಬರೆದ ಹೆಸರುಗಳು ಆಯಾ ಆಟ ಪೂರ್ತಿ ಮುಗಿದ ಮೇಲೆ ಪರದೆಯ ಮೇಲೆ ಬರುತ್ತವೆ. ನಾಲ್ಕನೇ ಹಂತ ಪರೀಕ್ಷಿಸಿದವಳು ಅವಳೇ ಅಲ್ಲವೇ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹೆಸರು ಹೇಗೆ ಬರೆಯಲಿ ಎಂದು ಫೋನ್ ಮಾಡಿ, ಸದಲಗಾದ ಹೆಸರನ್ನು ಪೂರ್ತಿ ಓದಿ ಹೇಳಿದೆ. ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಅಡ್ಡಹೆಸರಷ್ಟೇ ಬದಲಾಗುವುದಿಲ್ಲ. ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಗಂಡನ ಮನೆಯವರು ಹೊಸ ಹೆಸರನ್ನೇ ಬರೆಸುತ್ತಾರೆ. ಮರುದಿನದಿಂದ ಹಳೆಯ ಹೆಸರಿನಿಂದ ಕರೆಯುವವರು ಇರುವುದಿಲ್ಲ. ರೇಷನ್ ಕಾರ್ಡು, ಡೇರಿಯ ಪುಸ್ತಕ, ಎಲ್ಲ ಕಡೆಯೂ ಹೊಸದೇ. ಕಾಕಾಗೆ ಕೂಡ ಆ ಹಳೆಯ ಹೆಸರು ನೆನಪಿತ್ತೋ ಇಲ್ಲವೋ.

"ಅದಲ್ಲ" ಎಂದಳು ಮಾವಶಿ. "ಈ ಸದಲಗಾದಾಕಿ ಮೊನ್ನಿ ದಾಟ್ಯಾಳ. ಮೊದಲ ದಾಟಿದಾಕಿ ನಿಪ್ಪಾಣಿಯಾಕಿ. ಆಕಿ ಹೆಸರ ಬರಿ."

ಅವಳ ಬಾಯಿಂದಲೇ ಹೇಳಿಸಿಕೊಂಡು, ಒಂದೊಂದು ಅಕ್ಷರ ಕೇಳಿ ಕೇಳಿ ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ.

ಪೆಟ್ಟಿಗೆ ಈಗ ಅಂಗಡಿಗಳಲ್ಲಿದೆ. ಆ ಹೆಸರು ಯಾವುದು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಮಾಮಾ ಕೇಳಿದ, ಅವನಿಗೂ ಹೇಳಲಿಲ್ಲ, ತಂಗಿಗೆ ನಿಮ್ಮ ಮನೆಯವರೇ ಇಟ್ಟ ಹೆಸರಲ್ಲವೇ, ನೆನಪಿಸಿಕೋ ಎಂದೆ. ಪರದೆಯ ಮೇಲೆ ನೋಡುವ ಆಸೆಯಿದ್ದವರು ಐದನೇ ಆಟ ಹಚ್ಚಬೇಕು, ಬಾವಿ ದಾಟಬೇಕು.